ಹತ್ತು ಗುಂಟೆ, ಮೂವತ್ತಾರು ಮಡಿ: ಭರಣಿ ಮಳೆಯಿಂದ ಶ್ರಾವಣದ ಸೊಪ್ಪಿನವರೆಗೆ

'ಊರಿನಲ್ಲಿ ಹತ್ತು ಗುಂಟೆ ಜಮೀನಿದೆ. ವಿಷ ಹಾಕದೆ ತರಕಾರಿ ಬೆಳೆದು ಮೈಸೂರಿಗೆ ಮಾರಬಹುದೇ? ಜೀವಾಮೃತದ ಅಳತೆ ತಿಳಿಸಿ.' ಪಾಂಡವಪುರ, ಮದ್ದೂರು, ತಿ. ನರಸೀಪುರ, ನಂಜನಗೂಡು, ಯಾವ ಕಡೆಯಿಂದ ಬಂದರೂ ಪ್ರಶ್ನೆ ಹೆಚ್ಚುಕಡಿಮೆ ಇದೇ. ಬೆಳೆಯಬಹುದು, ಮಾರಲೂಬಹುದು. ಜೀವಾಮೃತದ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ದ್ರವಗೊಬ್ಬರದ, ಅಳತೆಯನ್ನೂ ಕೊಟ್ಟಿದ್ದೇನೆ, ಆದರೆ ಆರನೆಯ ಹಂತದಲ್ಲಿ. ಕಾರಣವಿದೆ. ಉತ್ಸಾಹದಿಂದ ಆರಂಭವಾಗಿ ಒಂದೇ ವರ್ಷದಲ್ಲಿ ಪಾಳು ಬಿದ್ದ ಇಂಥ ತೋಟಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಜೀವಾಮೃತ ಸಾಲದೆ ನಿಂತ ತೋಟ ಅವುಗಳಲ್ಲಿ ಒಂದೂ ಇಲ್ಲ. ಕೆಲವು ಮಾರ್ಚ್ ತಿಂಗಳಲ್ಲಿ ನೀರಿಲ್ಲದೆ ನಿಂತವು. ಹೆಚ್ಚಿನವು, ಎಲ್ಲವನ್ನೂ ಒಂದೇ ದಿನ ಬಿತ್ತಿ, ಎಲ್ಲವೂ ಒಂದೇ ವಾರ ಕೊಯ್ಲಿಗೆ ಬಂದು, ಕೊಳ್ಳುವವರಿಲ್ಲದೆ ನಿಂತವು. ಹಾಗಾಗಿ ಮೊದಲು ನೀರು, ಆಮೇಲೆ ಮಣ್ಣು, ಆಮೇಲೆ ವಾರವಾರದ ಬಿತ್ತನೆ. ಈ ಅನುಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ.

ಇಲ್ಲಿ ಹೇಳುವ ತೋಟದ ಹಿಂದಿರುವುದು ಪರ್ಮಾಕಲ್ಚರ್ ಎಂಬ ಪದ್ಧತಿ. ಆ ಪದದ ಬಗ್ಗೆ ಎರಡು ಮಾತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಇದನ್ನು ರೂಪಿಸಿದರು. ಬಹುಕಾಲ ಬಾಳುವ ಬೇಸಾಯ ಎಂಬುದು ಅದರ ಅರ್ಥ. ನಮ್ಮ ಅಜ್ಜಿಯರ ಹಿತ್ತಲನ್ನು ನೆನೆಸಿಕೊಂಡರೆ ಅರ್ಧ ವಿಷಯ ತಿಳಿದಂತೆಯೇ. ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ, ದಿನವೂ ಬೇಕಾದ ಕರಿಬೇವು ಅಡುಗೆಮನೆಯ ಬಾಗಿಲಿಗೆ ಹತ್ತಿರ, ತಿಪ್ಪೆ ಕೊಟ್ಟಿಗೆಗೆ ಹತ್ತಿರ, ಅಪರೂಪಕ್ಕೆ ಬೇಕಾಗುವ ಮರ ದೂರದ ಬೇಲಿಯಲ್ಲಿ. ಒಂದರ ಕಸ ಇನ್ನೊಂದಕ್ಕೆ ಆಹಾರ. ದಿನವೂ ಕೈಯಾಡಿಸಬೇಕಾದದ್ದು ಕಾಲಿಗೆ ಹತ್ತಿರ. ಈ ಎರಡು ಸೂತ್ರಗಳನ್ನು ಮಾರಾಟದ ತೋಟಕ್ಕೆ ಹೊಂದಿಸುವ ಬಗೆಯನ್ನು ಮುಂದೆ ಹೇಳುತ್ತೇನೆ.

ಬೇಕಾದದ್ದು

ದಿನಕ್ಕೆ ಇಬ್ಬರು ಅರ್ಧ ದಿನ ದುಡಿಯುವಷ್ಟು ಬಿಡುವು. ಬೇಸಿಗೆಯಲ್ಲೂ ನಿಲ್ಲದ ನೀರಿನ ಒಂದು ಮೂಲ. ಸನಿಕೆ, ಗುದ್ದಲಿ, ಕುರ್ಚಿಗೆ, ಕುಡುಗೋಲು, ಅಳತೆಯ ಟೇಪು, ಗೂಟ, ದಾರ. ಒಂದು ತೂಕದ ಯಂತ್ರ, ಒಂದು ದಪ್ಪ ನೋಟ್ ಪುಸ್ತಕ. ಪವರ್ ಟಿಲ್ಲರ್, ಪಾಲಿಹೌಸ್ ಯಾವುದೂ ಮೊದಲ ವರ್ಷ ಬೇಡ. ಇರುವ ಉದ್ಯೋಗವನ್ನು ಬಿಟ್ಟು ಬರುವುದಂತೂ ಖಂಡಿತ ಬೇಡ.

1. ನೀರಿನ ಲೆಕ್ಕ ಹಾಕಿ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹತ್ತು ಗುಂಟೆ ಸುಮಾರು 1,000 ಚದರ ಮೀಟರ್. ಅದರಲ್ಲಿ ಮಡಿಗಳು, ಅಂದರೆ ಬೆಳೆ ಹಾಕುವ ಉದ್ದನೆಯ ಪಾತಿಗಳು, ಆಕ್ರಮಿಸುವ ಜಾಗ 400 ಚದರ ಮೀಟರ್ ಎಂದುಕೊಳ್ಳಿ. ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಅಂದರೆ ದಿನಕ್ಕೆ 2,000 ಲೀಟರ್. ನಿಮ್ಮ ಕೊಳವೆಬಾವಿ ಏಪ್ರಿಲ್ ತಿಂಗಳಲ್ಲಿ, ವಿದ್ಯುತ್ ಇರುವ ಹೊತ್ತಿನಲ್ಲಿ, ಇಷ್ಟನ್ನು ಕೊಡುತ್ತದೆಯೇ? ಊಹೆ ಮಾಡಬೇಡಿ. ಒಂದು ಡ್ರಮ್ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

'ನಮ್ಮದು ವಿಶ್ವೇಶ್ವರಯ್ಯ ನಾಲೆಯ ಬಯಲು, ನೀರಿಗೇನು ಕೊರತೆ' ಎನ್ನುವವರು ಇಲ್ಲಿ ಎಚ್ಚರವಹಿಸಬೇಕು. ನಾಲೆಗೆ ನೀರು ಬಿಡುವುದು, ನಿಲ್ಲಿಸುವುದು ಭತ್ತ ಮತ್ತು ಕಬ್ಬಿನ ಲೆಕ್ಕದಲ್ಲಿ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ಕಬ್ಬು ತಡೆದುಕೊಳ್ಳುತ್ತದೆ. ಕೊತ್ತಂಬರಿ ತಡೆಯುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬದೆ ಹೋದಾಗ ನಾಲೆಯನ್ನೇ ನಂಬಿದ್ದವರ ಪಾಡು ನಮಗೆಲ್ಲ ನೆನಪಿದೆ. ನಾಲೆಯ ನೀರಿದ್ದರೂ ಹದಿನೈದು ದಿನಕ್ಕೆ ಸಾಲುವಷ್ಟು ಸಂಗ್ರಹ ನಿಮ್ಮದೇ ಆಗಿರಲಿ. 15 ಅಡಿ ಉದ್ದ, 15 ಅಡಿ ಅಗಲ, 6 ಅಡಿ ಆಳದ ನೇರ ಗೋಡೆಯ ತೊಟ್ಟಿ ಸುಮಾರು 38,000 ಲೀಟರ್ ಹಿಡಿಯುತ್ತದೆ. ಹದಿನೈದು ದಿನಕ್ಕೆ ಬೇಕಾದದ್ದು 30,000. ಕೃಷಿ ಹೊಂಡ ತೆಗೆಸುವುದಾದರೆ ಇಳಿಜಾರು ಗೋಡೆಯಿಂದಾಗಿ ಹಿಡಿಯುವ ನೀರು ಕಡಿಮೆಯಾಗುತ್ತದೆ. ಅಳತೆಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ.

ಹೊಂಡವಾಗಲಿ ತೊಟ್ಟಿಯಾಗಲಿ, ನೀರು ತುಂಬುವ ಮೊದಲೇ ಸುತ್ತ ಬೇಲಿ ಹಾಕಿಸಿ, ಒಳಗೆ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಇಳಿಬಿಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಡ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು. ಬೇಲಿಯನ್ನು ಮುಂದಿನ ತಿಂಗಳಿಗೆ ತಳ್ಳುವ ಕೆಲಸವೆಂದು ಭಾವಿಸಬೇಡಿ.

ಇನ್ನು ಮಳೆ. ಮಂಡ್ಯ, ಮೈಸೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ವರ್ಷಕ್ಕೆ ಸರಿಸುಮಾರು 700ರಿಂದ 800 ಮಿಲಿಮೀಟರ್ ಬೀಳುತ್ತದೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಮ್ಮೆ ಅದರ ಜೋರು. ಹತ್ತು ಗುಂಟೆಗೆ ಲೆಕ್ಕ ಹಾಕಿದರೆ ಏಳು ಲಕ್ಷ ಲೀಟರ್ ಆಗುತ್ತದೆ. ಅದರಲ್ಲಿ ಎಷ್ಟು ನಿಮ್ಮ ನೆಲದಲ್ಲೇ ಇಂಗುತ್ತದೆ ಎಂಬುದು ನಾಲ್ಕನೆಯ ಹಂತದಲ್ಲಿ ನೀವು ಹಾಕುವ ಮಡಿಯ ದಿಕ್ಕನ್ನು ಅವಲಂಬಿಸಿದೆ.

2. ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕೊಡಿ

ಎಂಟು-ಹತ್ತು ಕಡೆ ಮೇಲಿನ ಕಸ ಸರಿಸಿ, ಆರು ಅಂಗುಲ ಆಳಕ್ಕೆ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೋಡಿ, ಅದರ ಬದಿಯಿಂದ ಮಣ್ಣು ಕೆರೆದು ಎಲ್ಲವನ್ನೂ ಬೆರೆಸಿ. ಅರ್ಧ ಕಿಲೋ ಸಾಕು. ನೆರಳಿನಲ್ಲಿ ಆರಿಸಿ ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಬದುವಿನ ಪಕ್ಕದ, ಮರದ ಬುಡದ, ತಿಪ್ಪೆ ಇದ್ದ ಜಾಗದ ಮಣ್ಣು ಸೇರಿಸಬೇಡಿ. ಮಂಡ್ಯದವರಿಗೆ ವಿ.ಸಿ. ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ, ಮೈಸೂರಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ. ಎರಡೂ ಕಡೆ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ. 6ರಿಂದ 7.5ರೊಳಗಿದ್ದರೆ ಬಹುತೇಕ ತರಕಾರಿಗಳಿಗೆ ಒಳ್ಳೆಯದು. ಎರಡನೆಯದು ಲವಣಾಂಶ. ನಾಲಾ ಬಯಲಿನ ತಗ್ಗು ಜಾಗಗಳಲ್ಲಿ ದಶಕಗಳ ನೀರಾವರಿಯಿಂದ ನೆಲ ಸವಳಾಗಿರುತ್ತದೆ, ಅಂದರೆ ಉಪ್ಪು ಮೇಲೆ ಬಂದಿರುತ್ತದೆ. ಇಲ್ಲವೇ ಜವುಳಾಗಿರುತ್ತದೆ, ನೀರು ಇಳಿಯದೆ ನಿಲ್ಲುತ್ತದೆ. ಅಂಥ ನೆಲದಲ್ಲಿ ಹುರುಳಿಕಾಯಿ ಮೊದಲು ಸೊರಗುತ್ತದೆ. ಪಾಲಕ್, ಬೀಟ್‌ರೂಟ್ ಸ್ವಲ್ಪ ತಡೆದುಕೊಳ್ಳುತ್ತವೆ. ನೀರು ಹೊರಹೋಗುವ ಬಸಿಗಾಲುವೆ ತೆಗೆಯದೆ ಎಷ್ಟು ಗೊಬ್ಬರ ಸುರಿದರೂ ಸವಳು ನೆಲ ಸುಧಾರಿಸುವುದಿಲ್ಲ.

3. ಭರಣಿ ಮಳೆಗೆ ಸೆಣಬು ಚೆಲ್ಲಿ

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಾರೆ. ಏಪ್ರಿಲ್ 27ರ ಆಸುಪಾಸಿನಿಂದ ಮೇ ಎರಡನೆಯ ವಾರದವರೆಗೆ ಬರುವ ಈ ಮಳೆಗೆ ನೀವು ತರಕಾರಿ ಹಾಕಬೇಡಿ. ಹಸಿರೆಲೆ ಗೊಬ್ಬರದ ಸೆಣಬು ಚೆಲ್ಲಿ. ಹತ್ತು ಗುಂಟೆಗೆ ಐದಾರು ಕಿಲೋ ಬೀಜ ಬೇಕಾಗುತ್ತದೆ. ನೀರು ನಿಲ್ಲುವ ನೆಲವಾದರೆ ಸೆಣಬಿನ ಬದಲು ಡಯಂಚ ಒಳ್ಳೆಯದು.

ಸುಮಾರು 45 ದಿನಕ್ಕೆ ಹೂ ಕಾಣಿಸುತ್ತದೆ. ಆಗಲೇ ಕತ್ತರಿಸಿ ಮಣ್ಣಿಗೆ ಸೇರಿಸಬೇಕು. 'ಇನ್ನಷ್ಟು ಬೆಳೆಯಲಿ' ಎಂದು ಬಿಟ್ಟರೆ ಕಾಂಡ ನಾರುಗಟ್ಟುತ್ತದೆ, ಕೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಸೇರಿಸಿದ ಮೇಲೆ ಹದಿನೈದರಿಂದ ಇಪ್ಪತ್ತು ದಿನ ಸುಮ್ಮನೆ ಬಿಡಿ. ಹಸಿ ಸೊಪ್ಪು ಕೊಳೆಯುತ್ತಿರುವಾಗಲೇ ಬಿತ್ತಿದರೆ ಮೊಳಕೆ ಸಾಯುತ್ತದೆ. ಲೆಕ್ಕ ನೋಡಿ: ಮೇ ಮೊದಲ ವಾರ ಚೆಲ್ಲಿದರೆ ಜೂನ್ ಮೂರನೆಯ ವಾರ ಕೊಯ್ಲು, ಜುಲೈ ಎರಡನೆಯ ವಾರಕ್ಕೆ ನೆಲ ಸಿದ್ಧ.

ಗರಿಕೆ, ಕೊನ್ನಾರಿ ತುಂಬಿದ ನೆಲಕ್ಕೆ ರೋಟವೇಟರ್ ಹೊಡೆಸಬೇಡಿ. ಅದು ಗರಿಕೆಯ ಒಂದು ಬಳ್ಳಿಯನ್ನು ನೂರು ತುಂಡು ಮಾಡಿ ನೂರು ಕಡೆ ನೆಡುತ್ತದೆ. ಬೇಸಿಗೆಯಲ್ಲಿ ಒಮ್ಮೆ ಆಳವಾಗಿ ಉಳುಮೆ ಮಾಡಿಸಿ, ಬೇರು-ಗಡ್ಡೆಗಳನ್ನು ಬಿಸಿಲಿಗೆ ಒಣಗಿಸಿ, ಕೈಯಿಂದ ಆರಿಸಿ ತೆಗೆಯಿರಿ. ಬೇಸರದ ಕೆಲಸ, ನಿಜ. ಆದರೆ ಮುಂದಿನ ವರ್ಷಗಳ ಕಳೆ ಕೀಳುವ ಕೂಲಿ ಇದರಲ್ಲಿ ಉಳಿಯುತ್ತದೆ.

4. ಮಡಿ ಹಾಕುವುದು

ಹತ್ತು ಗುಂಟೆ ಚೌಕವಾಗಿದ್ದರೆ ಒಂದೊಂದು ಬದಿಯೂ 104 ಅಡಿ. ಸುತ್ತಲೂ ಹತ್ತು ಅಡಿ ಅಂಚು ಬಿಡಿ. ಒಳಗೆ 84 ಅಡಿಯ ಚೌಕ ಉಳಿಯುತ್ತದೆ. ನಡುವೆ ನಾಲ್ಕು ಅಡಿಯ ಗಾಡಿದಾರಿ ಬಿಟ್ಟರೆ ಎರಡೂ ಕಡೆ 40 ಅಡಿ. ಮಡಿಯ ಅಗಲ 3 ಅಡಿ, ನಡುವಿನ ಕಾಲುದಾರಿ ಒಂದೂವರೆ ಅಡಿ. ಒಂದು ಕಡೆಗೆ 18 ಮಡಿ, ಒಟ್ಟು 36. ಒಂದೊಂದು ಮಡಿಯೂ 120 ಚದರ ಅಡಿ. ಜಮೀನು ಉದ್ದನೆಯ ಪಟ್ಟಿಯಾಗಿದ್ದರೂ ಮಡಿಯ ಅಳತೆಯನ್ನು ಮಾತ್ರ ಬದಲಿಸಬೇಡಿ. ಎಲ್ಲ ಮಡಿಯೂ ಒಂದೇ ಅಳತೆಯಾದರೆ ಬೀಜ, ಗೊಬ್ಬರ, ಡ್ರಿಪ್ ಪೈಪು, ಇಳುವರಿ ಎಲ್ಲದರ ಲೆಕ್ಕ ಬಾಯಲ್ಲೇ ಬರುತ್ತದೆ.

ಮೂರು ಅಡಿ ಏಕೆಂದರೆ ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಮಡಿಯ ಮೇಲೆ ಯಾರೂ ಕಾಲಿಡಬಾರದು. ನೀವೂ ಇಡಬಾರದು, ಕೂಲಿಗೆ ಬಂದವರೂ ಇಡಬಾರದು. ತುಳಿಯದ ಮಣ್ಣು ಎರೆಹುಳುವಿನಿಂದಲೂ ಬೇರಿನಿಂದಲೂ ತಾನೇ ಸಡಿಲವಾಗುತ್ತ ಹೋಗುತ್ತದೆ. ಮೂರನೆಯ ವರ್ಷಕ್ಕೆ ಸನಿಕೆ ಹಿಡಿಯುವ ಅಗತ್ಯವೇ ಕಡಿಮೆಯಾಗುತ್ತದೆ.

ಮಡಿಗಳು ಇಳಿಜಾರಿಗೆ ಅಡ್ಡಲಾಗಿರಲಿ. ಗಾರೆ ಕೆಲಸದವರು ಮಟ್ಟ ಹಿಡಿಯಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಗೊತ್ತಲ್ಲ, ಅದರಿಂದಲೇ ಒಂದೇ ಎತ್ತರದ ಬಿಂದುಗಳನ್ನು ಗುರುತಿಸಿ ಗೂಟ ಹೊಡೆಯಿರಿ. ಇದನ್ನೇ ಸಮಪಾತಳಿ ರೇಖೆ ಎನ್ನುತ್ತಾರೆ. ಮಳೆಯ ನೀರು ಕಾಲುದಾರಿಯಲ್ಲಿ ನಿಂತು ಇಂಗುತ್ತದೆ, ಕೆಂಪು ಮಣ್ಣು ಕೊಚ್ಚಿಹೋಗುವುದಿಲ್ಲ. ಎರೆ ಮಣ್ಣಿನ, ಜವುಳು ನೆಲದವರಿಗೆ ಇದು ತಿರುವುಮುರುವು. ಅವರು ಮಡಿಯನ್ನು ಎಂಟು-ಹತ್ತು ಅಂಗುಲ ಎತ್ತರಿಸಿ, ನೀರು ಹೊರಹೋಗುವಂತೆ ತುಸು ಓರೆಯಾಗಿ ಹಾಕಬೇಕು.

ಹತ್ತು ಅಡಿಯ ಅಂಚು ವ್ಯರ್ಥವಲ್ಲ. ಬೇಲಿಯುದ್ದಕ್ಕೂ ಮೂರು ಅಡಿಗೊಂದರಂತೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕಡ್ಡಿಗಳನ್ನು ನೆಡಿ. ವರ್ಷಕ್ಕೆ ಎರಡು ಮೂರು ಸಲ ಸವರಿದರೆ ಮಡಿಗೆ ಹಸಿರು ಸೊಪ್ಪು ಸಿಗುತ್ತದೆ. ನುಗ್ಗೆ, ಚೊಗಚೆ, ಪಪ್ಪಾಯಿಯಂಥ ಎತ್ತರದವು ಉತ್ತರ ಮತ್ತು ಪಶ್ಚಿಮದ ಅಂಚಿನಲ್ಲಿರಲಿ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದಲ್ಲಿ ಮರವಿದ್ದರೆ ಚಳಿಗಾಲವಿಡೀ ಮಡಿಗಳು ನೆರಳಿನಲ್ಲೇ ಇರಬೇಕಾಗುತ್ತದೆ. ಪಶ್ಚಿಮದ ಮರವಾದರೆ ಬೇಸಿಗೆಯ ಇಳಿಬಿಸಿಲನ್ನು ತಡೆದು ಸೊಪ್ಪಿಗೆ ತಂಪು ಕೊಡುತ್ತದೆ. ಕರಿಬೇವು, ನಿಂಬೆ, ಬಸಳೆಯ ಚಪ್ಪರ ಗೇಟಿನ ಪಕ್ಕದಲ್ಲಿರಲಿ.

ಮೊದಲ ಹಂಗಾಮಿನಲ್ಲಿ 36 ಮಡಿಗಳಲ್ಲಿ 12ನ್ನು ಮಾತ್ರ ತರಕಾರಿಗೆ ಬಳಸಿ. ಉಳಿದ 24ರಲ್ಲಿ ಹುರುಳಿ, ಅಲಸಂದೆ, ಅವರೆ ಚೆಲ್ಲಿ. ನೆಲವೂ ಸುಧಾರಿಸುತ್ತದೆ, ಮನೆಗೆ ಕಾಳೂ ಆಗುತ್ತದೆ. ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕೇಳದವರೇ ಹೆಚ್ಚು. 36 ಮಡಿಯ ಕಳೆ ಆಗಸ್ಟ್ ಮಳೆಯಲ್ಲಿ ಒಮ್ಮೆಲೇ ಎದ್ದಾಗ ಇಬ್ಬರ ಕೈ ಸಾಲುವುದಿಲ್ಲ.

5. ಗೊಬ್ಬರ ಮತ್ತು ತರಗು

ಒಂದು ಮಡಿಗೆ ಒಂದು ಅಂಗುಲ ದಪ್ಪ ಗೊಬ್ಬರ ಹರಡಲು 10 ಘನ ಅಡಿ ಬೇಕು. ಮೊದಲ ಸಲ ಎರಡು ಅಂಗುಲ ಹಾಕುವುದಾದರೆ 12 ಮಡಿಗೆ 240 ಘನ ಅಡಿ. 'ಒಂದು ಲೋಡ್' ಎಂದು ಕೊಳ್ಳಬೇಡಿ. ಟ್ರೇಲರ್ ಅಳೆದು ಘನ ಅಡಿಯ ಲೆಕ್ಕದಲ್ಲಿ ಕೊಳ್ಳಿ.

ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಸಗಣಿಯ ವಾಸನೆ ಬರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಒಂದು ವರ್ಷ ಅವಸರದಲ್ಲಿ ಅರೆಬರೆ ಕಳಿತ ಗೊಬ್ಬರವನ್ನು ನಾನೇ ತರಿಸಿದ್ದೆ. ಅದರೊಂದಿಗೆ ಬಂದ ಗೊಣ್ಣೆಹುಳು ಎರಡು ಮಡಿ ನವಿಲುಕೋಸಿನ ಬೇರನ್ನು ಪೂರ್ತಿ ತಿಂದುಹಾಕಿತು. ಆಗಿನಿಂದ ತಂದ ಗೊಬ್ಬರವನ್ನು ನೇರವಾಗಿ ಮಡಿಗೆ ಹಾಕುವುದಿಲ್ಲ. ಅಂಚಿನಲ್ಲಿ ರಾಶಿ ಹಾಕಿ, ಮೆಟಾರೈಜಿಯಂ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ, ತೇವ ಕಾಪಾಡಿ, ಕೆಲವು ವಾರ ಬಿಟ್ಟು ಬಳಸುತ್ತೇನೆ. ಈ ಶಿಲೀಂಧ್ರ ಗೊಣ್ಣೆಹುಳುವಿಗೆ ರೋಗ ತಂದು ಕೊಲ್ಲುತ್ತದೆ.

ಮಂಡ್ಯದ ಕಡೆಯವರಿಗೆ ಒಂದು ಭಾಗ್ಯವಿದೆ, ಅದನ್ನು ನಾವು ಬೆಂಕಿಗೆ ಕೊಡುತ್ತಿದ್ದೇವೆ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ತರಗನ್ನು ಸುಡುವ ಮುನ್ನ ಹೋಗಿ ಕೇಳಿ. ಹೊತ್ತೊಯ್ಯುವವರಿದ್ದರೆ ಹೆಚ್ಚಿನ ರೈತರು ಸಂತೋಷದಿಂದ ಕೊಡುತ್ತಾರೆ. ಬದನೆ, ಮೆಣಸಿನಕಾಯಿ, ಟೊಮೆಟೊ ಮಡಿಗಳಿಗೆ ಮೂರು-ನಾಲ್ಕು ಅಂಗುಲ ಹೊದಿಸಿದರೆ ನೀರು ಉಳಿಯುತ್ತದೆ, ಕಳೆ ಅಡಗುತ್ತದೆ. ಇಲ್ಲಿ ಮೂರು ಎಚ್ಚರಿಕೆ ಬೇಕು. ತರಗನ್ನು ಮಣ್ಣಿನೊಳಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಗೆದ್ದಲು ಬರುತ್ತದೆ, ಆದ್ದರಿಂದ ಕಾಂಡದಿಂದ ಒಂದು ಗೇಣು ದೂರವಿರಿಸಿ. ಆ ಗದ್ದೆಗೆ ಇತ್ತೀಚೆಗೆ ಕಳೆನಾಶಕ ಹೊಡೆದಿದ್ದರೆ ತರಲೇಬೇಡಿ.

ಕಾಂಪೋಸ್ಟ್ ನೀವೇ ಮಾಡುವುದಾದರೆ ಮೂರು ಮಂಕರಿ ಒಣಗಿದ್ದಕ್ಕೆ ಒಂದು ಮಂಕರಿ ಹಸಿರು, ನಡುನಡುವೆ ಸಗಣಿ ಬಗ್ಗಡ. ರಾಶಿ ಮೂರು ಅಡಿ ಉದ್ದ, ಅಗಲ, ಎತ್ತರಕ್ಕಿಂತ ಕಡಿಮೆಯಾದರೆ ಒಳಗೆ ಕಾವು ಹುಟ್ಟುವುದಿಲ್ಲ, ಕಳೆಯ ಬೀಜ ಸಾಯುವುದಿಲ್ಲ.

6. ಜೀವಾಮೃತ

ಒಂದು ಎಕರೆಗೆ ಹೇಳುವ ಅಳತೆ 200 ಲೀಟರ್. ಹತ್ತು ಗುಂಟೆಗೆ ಅದರ ಕಾಲುಭಾಗ: 50 ಲೀಟರ್ ನೀರು, ಎರಡೂವರೆ ಕಿಲೋ ನಾಟಿ ಹಸುವಿನ ಸಗಣಿ, ಎರಡೂವರೆ ಲೀಟರ್ ಗಂಜಲ, ಅರ್ಧ ಕಿಲೋ ಬೆಲ್ಲ, ಅರ್ಧ ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿ ಗೋಣಿ ಮುಚ್ಚಿಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. 48 ಗಂಟೆಯ ನಂತರ ಬಳಸಿ, ವಾರದೊಳಗೆ ಮುಗಿಸಿ. ಆಲೆಮನೆಯಲ್ಲಿ ಕೇಳಿ ಕಪ್ಪು ಬೆಲ್ಲವನ್ನೇ ತನ್ನಿ. ರಾಸಾಯನಿಕ ಹಾಕಿ ಬಿಳಿಚಿಸಿದ ಬೆಲ್ಲ ಇದಕ್ಕೆ ಬೇಡ.

ಕೊಯ್ಲಿಗೆ ಬರುತ್ತಿರುವ ಸೊಪ್ಪಿನ ಮೇಲೆ ಇದನ್ನು ಎರಚಬೇಡಿ. ಇದರಲ್ಲಿರುವುದು ಹಸಿ ಸಗಣಿ, ಜನ ತಿನ್ನುವುದು ಅದೇ ಎಲೆ. ಸೊಪ್ಪಿನ ಮಡಿಗೆ ಬಿತ್ತನೆಗೆ ಮೊದಲು ಮಣ್ಣಿಗೆ ಕೊಡಿ, ಅಷ್ಟೇ.

7. ವಾರಕ್ಕೊಂದು ಮಡಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಬಿಡುವಿದ್ದರೆ ಇದನ್ನು ಓದಿ.

ನಿಮ್ಮ 12 ಮಡಿಗಳಲ್ಲಿ ಆರನ್ನು ಸೊಪ್ಪಿಗೆ ಮೀಸಲಿಡಿ. ಮೆಂತ್ಯ 25ರಿಂದ 30 ದಿನ, ದಂಟು ಒಂದು ತಿಂಗಳು, ಕೊತ್ತಂಬರಿ 35ರಿಂದ 45 ದಿನ. ಅಂದರೆ ಸುಮಾರು ಆರು ವಾರದಲ್ಲಿ ಯಾವ ಸೊಪ್ಪಿನ ಮಡಿಯಾದರೂ ಖಾಲಿಯಾಗುತ್ತದೆ. ಹಾಗಾದರೆ ವಾರಕ್ಕೆ ಒಂದೇ ಮಡಿ ಬಿತ್ತಿ. ಆರನೆಯ ಮಡಿ ಬಿತ್ತಿದ ಮರುವಾರ ಮೊದಲನೆಯದು ಮತ್ತೆ ನಿಮ್ಮ ಕೈಗೆ ಬರುತ್ತದೆ. ಆ 40 ಅಡಿಯನ್ನೂ ಹತ್ತು ಹತ್ತು ಅಡಿಯ ನಾಲ್ಕು ಭಾಗ ಮಾಡಿ: ಮೆಂತ್ಯ, ಕೊತ್ತಂಬರಿ, ದಂಟು, ಸಬ್ಬಸಿಗೆ. ಪ್ರತಿ ವಾರವೂ ನಾಲ್ಕು ಬಗೆಯ ಸೊಪ್ಪು, ಯಾವುದೂ ಮಿತಿಮೀರದಷ್ಟು. ಬಿತ್ತನೆಗೆ ವಾರದಲ್ಲೊಂದು ದಿನ ನಿಶ್ಚಯಿಸಿ. ನೆಂಟರ ಮನೆಯ ಮದುವೆ ಇದ್ದರೂ ಆ ವಾರದ ಮಡಿ ತಪ್ಪಬಾರದು. ಇಂದು ತಪ್ಪಿದ ಬಿತ್ತನೆ ತಿಂಗಳ ನಂತರ ಗ್ರಾಹಕರ ಚೀಲದಲ್ಲಿ ಖಾಲಿ ಜಾಗವಾಗಿ ಕಾಣಿಸುತ್ತದೆ.

ಉಳಿದ ಆರು ಮಡಿಗಳಲ್ಲಿ ಎರಡು ಬೆಂಡೆ, ಎರಡು ಬದನೆ, ಒಂದು ಹುರುಳಿಕಾಯಿ, ಒಂದು ಮೂಲಂಗಿ. ಬದನೆಯಲ್ಲಿ ಮೈಸೂರಿನ ಹೆಸರಿನೊಂದಿಗೇ ಬೆಸೆದಿರುವ ಈರನಗೆರೆ ಬದನೆಯನ್ನು ಹುಡುಕಿ ತಂದು ಹಾಕಿ. ಮೈಸೂರಿನ ಹಿರಿಯ ಗೃಹಿಣಿಯರು ಅದನ್ನು ಕಂಡರೆ ತಾವಾಗಿಯೇ ಮಾತಿಗೆ ನಿಲ್ಲುತ್ತಾರೆ. ಟೊಮೆಟೊ ಎಲ್ಲರೂ ಕೇಳುತ್ತಾರೆ, ಎಲ್ಲರೂ ಮೊದಲ ಮುಂಗಾರಿನಲ್ಲೇ ಹಾಕಿ ಅಂಗಮಾರಿ ರೋಗಕ್ಕೆ ಕಳೆದುಕೊಳ್ಳುತ್ತಾರೆ. ಸೆಪ್ಟೆಂಬರ್‌ವರೆಗೆ ತಾಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಈ ಮೂರನ್ನೂ ತಡೆಯುವಂತೆ ರೂಪಿಸಿದ್ದು. ಅದು ಸಂಕರಣ ತಳಿ, ಬೀಜ ಉಳಿಸಿಕೊಳ್ಳಲು ಬರುವುದಿಲ್ಲ. ಬೆಂಡೆ, ಬದನೆ, ದಂಟು, ಅವರೆಗೆ ಮಾತ್ರ ನಾಟಿ ಬೀಜವನ್ನೇ ಇಟ್ಟುಕೊಳ್ಳಿ, ಪ್ರತಿ ವರ್ಷ ಅತಿ ಒಳ್ಳೆಯ ಗಿಡದಿಂದ ಬೀಜ ತೆಗೆಯಿರಿ.

ಸೊಪ್ಪು ಬಿತ್ತುವ ಮೊದಲು ಮಡಿಗೆ ನೀರು ಕೊಟ್ಟು ಒಂದು ವಾರ ಬಿಡಿ. ಎದ್ದ ಕಳೆಯನ್ನು ಕುರ್ಚಿಗೆಯಿಂದ ಮೇಲ್ಮೇಲೆ ಕೆರೆದು ಆಮೇಲೆ ಬಿತ್ತಿ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಹಾಕಿ. ಚೆಲ್ಲಬೇಡಿ, ಸಾಲಿನಲ್ಲಿ ಬಿತ್ತಿ. ಸಾಲಿದ್ದರೆ ಕಳೆ ತೆಗೆಯುವುದು ಗಂಟೆಯ ಕೆಲಸ, ಚೆಲ್ಲಿದ್ದರೆ ಇಡೀ ದಿನದ ಕೆಲಸ. ಸೊಪ್ಪಿಗೆ ಡ್ರಿಪ್‌ಗಿಂತ ಮಳೆಯಂತೆ ಚಿಮ್ಮುವ ರೈನ್ ಪೈಪು ಒಳ್ಳೆಯದು.

ಹಬ್ಬದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಶ್ರಾವಣದಲ್ಲಿ ಮಾಂಸ ಬಿಡುವ ಮನೆಗಳು ಹೆಚ್ಚು, ತರಕಾರಿಗೆ ಬೇಡಿಕೆ ಏರುತ್ತದೆ. ಜುಲೈ ಎರಡನೆಯ ವಾರ ಬಿತ್ತಿದ ಮೆಂತ್ಯ, ದಂಟು ಸರಿಯಾಗಿ ಆ ಹೊತ್ತಿಗೆ ಬರುತ್ತವೆ. ಮಹಾಲಯ ಅಮಾವಾಸ್ಯೆಯ ಎಡೆಗೆ ಹಲವು ಬಗೆಯ ತರಕಾರಿ ಬೇಕು, ಅಂದು ಬದನೆ, ಬೆಂಡೆ, ಕುಂಬಳ ಎಲ್ಲವೂ ಹೋಗುತ್ತವೆ. ಆಯುಧಪೂಜೆಗೆ ಚೆಂಡು ಹೂ. ಬಿತ್ತನೆಯಿಂದ ಹೂವಿಗೆ ಎರಡೂವರೆ ತಿಂಗಳು ಹಿಡಿಯುವುದರಿಂದ ಜುಲೈ ಮಧ್ಯಕ್ಕೆ ಒಟ್ಟಲು (ಸಸಿಮಡಿ) ಹಾಕಿ. ಚೆಂಡು ಹೂವಿನ ಬೇರು, ಗಿಡದ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುವನ್ನು ಕುಗ್ಗಿಸುತ್ತದೆ. ಆದರೆ ಮೂಲೆಗೊಂದು ಗಿಡ ನೆಟ್ಟರೆ ಏನೂ ಆಗದು. ಇಡೀ ಮಡಿಯನ್ನೇ ಚೆಂಡು ಹೂವಿಗೆ ಕೊಟ್ಟು, ಮುಂದಿನ ಸರದಿಯಲ್ಲಿ ಅಲ್ಲಿ ಟೊಮೆಟೊ ನೆಡಿ.

ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು. ಒಂದರ ನಂತರ ಇನ್ನೊಂದನ್ನು ಅದೇ ಮಡಿಯಲ್ಲಿ ನೆಡಬೇಡಿ. ನಡುವೆ ಕಾಳಿನ ಬೆಳೆಯೂ ಸೊಪ್ಪೂ ಬಂದುಹೋಗಲಿ.

8. ಹುಳು, ರೋಗ, ನೆರೆಹೊಲ

ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಕೊರಕವಿದೆ. ಆ ಕುಡಿಯನ್ನು ಅಂದೇ ಚಿವುಟಿ ಸುಡಿ. ವಾರಕ್ಕೆ ಎರಡು ಸಲ ಮಾಡಿದರೆ ಕಾಯಿಗೆ ಹೋಗುವ ಹುಳು ಬಹಳ ಕಡಿಮೆಯಾಗುತ್ತದೆ. ಜೊತೆಗೆ ಮೋಹಕ ಬಲೆ ಇಡಿ. ಅದು ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಸಾಧನ. ಬೆಂಡೆಯ ಎಲೆಯ ನರ ಹಳದಿಯಾದರೆ ಅದು ಬಿಳಿನೊಣ ತರುವ ನಂಜು ರೋಗ. ಔಷಧಿ ಇಲ್ಲ, ಗಿಡ ಕಿತ್ತು ಸುಡಬೇಕು. ರಸ ಹೀರುವ ಹುಳುಗಳಿಗೆ ಬೇವಿನ ಬೀಜದ ಕಷಾಯ ಸಾಕು: ಅರ್ಧ ಕಿಲೋ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೆನೆಹಾಕಿ, ಸೋಸಿ, ಹತ್ತು ಲೀಟರ್ ಮಾಡಿ, ಚೂರು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆಯೂ ಸುಡುತ್ತದೆ, ಬೇವಿನ ಗುಣವೂ ಹೋಗುತ್ತದೆ.

ಹುಳುವಿಗಿಂತ ಕಷ್ಟದ್ದು ಪಕ್ಕದ ಕಬ್ಬಿನ ಗದ್ದೆಗೆ ಹೊಡೆಯುವ ಕಳೆನಾಶಕ. 2,4-ಡಿ ಗಾಳಿಯಲ್ಲಿ ತೇಲಿ ಬಂದರೆ ಟೊಮೆಟೊ ಎಲೆ ದಾರದಂತೆ ಸಣ್ಣಗಾಗಿ ತಿರುಚಿಕೊಳ್ಳುತ್ತದೆ. ಎಷ್ಟೋ ಜನ ಅದನ್ನು ರೋಗವೆಂದು ತಿಳಿದು ಏನೇನೋ ಸಿಂಪಡಿಸುತ್ತಾರೆ. ನೆರೆಯವರೊಂದಿಗೆ ಮೊದಲೇ ಮಾತಾಡಿ, ಹೊಡೆಯುವ ದಿನ ತಿಳಿಸುವಂತೆ ಕೇಳಿ. ಆ ಬದಿಯಲ್ಲಿ ಮೆಕ್ಕೆಜೋಳದ ದಟ್ಟ ಸಾಲನ್ನು ತರಕಾರಿಗಿಂತ ಎರಡು ಮೂರು ವಾರ ಮುಂಚೆ ಹಾಕಿ. ಮೇಲಿನ ಗದ್ದೆಯಿಂದ ಹರಿದುಬರುವ ನೀರು ಮಡಿಗೆ ಬಾರದಂತೆ ಪಕ್ಕಗಾಲುವೆ ತೆಗೆಯಿರಿ.

ನವಿಲಿಗೆ ಬಲೆ ಹೊದಿಸುವುದೊಂದೇ ದಾರಿ. ಅದು ಕಾನೂನಿನ ರಕ್ಷಣೆಯಲ್ಲಿರುವ ಪಕ್ಷಿ. ಹಂದಿ ಬರುತ್ತದೆಂದು ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಹರಿಸಬೇಡಿ. ಅದು ಅಪರಾಧ, ಸಾಯುವುದು ಮನುಷ್ಯರೂ ಹೌದು. ಕಬ್ಬಿನ ಗದ್ದೆ ಪಕ್ಕದಲ್ಲೇ ಇದ್ದರೆ ಚಿರತೆಯ ಭಯವೂ ಇರುತ್ತದೆ. ನಸುಕಿನ ಕೊಯ್ಲಿಗೆ ಒಬ್ಬರೇ ಹೋಗಬೇಡಿ, ಟಾರ್ಚ್ ಹಿಡಿದು ಮಾತಾಡುತ್ತ ಹೋಗಿ.

9. ಮಾರಾಟ

ಬಿತ್ತುವ ಮೊದಲೇ ಹದಿನೈದು ಮನೆ ಗೊತ್ತುಮಾಡಿಕೊಳ್ಳಿ. ನೆಂಟರು, ಹಳೆಯ ಸಹೋದ್ಯೋಗಿಗಳು, ಒಂದೇ ಬಡಾವಣೆಯ ನೆರೆಹೊರೆಯವರು. ಮನೆಗಳು ಊರಿನ ನಾಲ್ಕು ದಿಕ್ಕಿಗೆ ಹರಡಿದ್ದರೆ ಗಳಿಸಿದ್ದೆಲ್ಲ ಪೆಟ್ರೋಲಿಗೆ ಹೋಗುತ್ತದೆ. ಮೈಸೂರಿನ ಬಂಡೀಪಾಳ್ಯದ ಸಗಟು ಮಾರುಕಟ್ಟೆಗೆ ಹತ್ತಡಿ ಮಡಿಯ ಸೊಪ್ಪು ಒಯ್ದು ಪ್ರಯೋಜನವಿಲ್ಲ. ಅಲ್ಲಿನ ಬೆಲೆ ಲಾರಿ ಲೆಕ್ಕದ ಮಾಲಿಗೆ ನಿಗದಿಯಾಗುವಂಥದ್ದು.

ವಾರಕ್ಕೊಂದು ದಿನ, ಒಂದು ಚೀಲ, ಒಂದು ಬೆಲೆ. ಎರಡು ದಿನ ಮೊದಲು ಏನೇನು ಇದೆ ಎಂದು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿ. ಪೇಟೆಯ ದರ ಏರಿದಾಗ ಏರಿಸಿ, ಇಳಿದಾಗ ಇಳಿಸುವ ಗೋಜು ಬೇಡ. ಹಂಗಾಮಿಗೊಂದು ದರ ಗೊತ್ತುಮಾಡಿ, ನಿಮ್ಮ ಕೂಲಿಯನ್ನೂ ಅದರಲ್ಲಿ ಸೇರಿಸಿ. ಸೊಪ್ಪನ್ನು ನಸುಕಿನಲ್ಲೇ ಕೊಯ್ದು ನೆರಳಿನಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿ. ನೀರಿನಲ್ಲಿ ಮುಳುಗಿಸಿ ಭಾರ ಮಾಡಬೇಡಿ, ಮಧ್ಯಾಹ್ನಕ್ಕೆ ಕೊಳೆಯುತ್ತದೆ. ಸ್ಕೂಟರಿನಲ್ಲಿ ಹೋಗುವವರು ನೆನಪಿಡಿ: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಗೆ ತಗಲುವ ಹೊತ್ತನ್ನು ಲೆಕ್ಕ ಹಾಕಿ ಹೊರಡಿ.

ಮಾಲು ಕಡಿಮೆಯಾದ ವಾರ ಪೇಟೆಯಿಂದ ತಂದು ಚೀಲ ತುಂಬಿಸುವ ಯೋಚನೆ ಬರುತ್ತದೆ. ಖಂಡಿತ ಮಾಡಬೇಡಿ. 'ಈ ವಾರ ಬೆಂಡೆ ಇಲ್ಲ, ಬಿಳಿನೊಣ ಬಂದಿತ್ತು' ಎಂದು ಬರೆದು ಹಣ ಕಡಿಮೆ ಮಾಡಿ. ಗ್ರಾಹಕರು ನಿಮ್ಮಲ್ಲಿ ಕೊಳ್ಳುತ್ತಿರುವುದೇ ಆ ಮಾತನ್ನು.

ಸಾವಯವ ಪ್ರಮಾಣಪತ್ರದ ಬಗ್ಗೆ ಕೇಳುವವರಿಗೆ: ಪಿಜಿಎಸ್ ಎಂಬ ವ್ಯವಸ್ಥೆಯಲ್ಲಿ ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಖಾತರಿ ಕೊಡುತ್ತಾರೆ. ಸಣ್ಣವರಿಗೆ ಇದೇ ಸರಿ. ರಾಸಾಯನಿಕ ಬಿಟ್ಟ ತಕ್ಷಣ 'ಸಾವಯವ' ಎಂದು ಬರೆಯುವಂತಿಲ್ಲ, ಪರಿವರ್ತನೆಯ ಅವಧಿ ದಾಟಬೇಕು. ಅಲ್ಲಿಯವರೆಗೆ 'ರಾಸಾಯನಿಕ ಹಾಕದೆ ಬೆಳೆದದ್ದು, ಬಂದು ನೋಡಿ' ಎಂದರೆ ಸಾಕು.

10. ಪುಸ್ತಕ

ಪ್ರತಿ ಮಡಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಪುಟ. ಬಿತ್ತಿದ ದಿನ, ಮೊದಲ ಕೊಯ್ಲಿನ ದಿನ, ಎಷ್ಟು ಕಟ್ಟು ಅಥವಾ ಕಿಲೋ, ಎಷ್ಟು ಮಾರಾಟವಾಯಿತು, ಎಷ್ಟು ಕೊಳೆಯಿತು, ಎಷ್ಟು ಗಂಟೆ ದುಡಿದಿರಿ. ಮೊದಲ ಮೆಂತ್ಯದ ಹತ್ತಡಿಯಲ್ಲಿ ಎಷ್ಟು ಕಟ್ಟು ಬಂತೆಂದು ಎಣಿಸಿದರೆ ಮುಂದಿನ ವಾರ ಹತ್ತಡಿ ಸಾಕೇ, ಆರಡಿ ಸಾಕೇ ಎಂಬುದು ತಿಳಿಯುತ್ತದೆ.

ಯುಗಾದಿಯ ಹೊತ್ತಿಗೆ ಆ ಪುಟಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. 12 ಮಡಿಯ ಮಾಲು ತಪ್ಪದೆ ಹೋಗಿದ್ದರೆ, ಮಾರ್ಚ್‌ನಲ್ಲೂ ನೀರು ಸಾಕಾಗಿದ್ದರೆ, ಇನ್ನು 12 ಮಡಿ ತೆರೆಯಿರಿ. ಎರಡರಲ್ಲಿ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಇನ್ನೊಂದು ವರ್ಷ ಹನ್ನೆರಡರಲ್ಲೇ ಇರಿ. ಉಳಿದ ನೆಲಕ್ಕೆ ಮತ್ತೆ ಭರಣಿ ಮಳೆಗೆ ಸೆಣಬು ಚೆಲ್ಲಿ.